ಸಹಾಯ ಬೇಕು: ಕ್ಯಾಮ್ ಫಾಲೋವರ್ ನೋಡುವ ಮೆಕ್ಯಾನಿಕ್ ಕಲಬುರಗಿಯಲ್ಲಿ ಯಾರಿದ್ದಾರೆ?

ನಮಸ್ಕಾರ. ನನ್ನದು ಹಳೇ ಜರ್ಮನ್ ಕಾರು, ಟೈಮಿಂಗ್ ಬೆಲ್ಟ್ ಇರುವ 2.0 ಟಿಎಫ್‌ಎಸ್‌ಐ (ಟರ್ಬೊ) ಪೆಟ್ರೋಲ್ ಎಂಜಿನ್. ಈ ಸಲ ಆಯಿಲ್ ಬದಲಿಸುವಾಗ ಕ್ಯಾಮ್ ಫಾಲೋವರ್ (ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್‌ಗೂ ಪೆಟ್ರೋಲ್ ಪಂಪ್‌ಗೂ ನಡುವೆ ಕೂರುವ ಭಾಗ) ಕೂಡ ನೋಡಿಸಬೇಕು. ರಿಂಗ್ ರೋಡ್ ಕಡೆ ವಿಚಾರಿಸಿದೆ. "ಸದ್ದು ಬಂದಾಗ ನೋಡೋಣ ಬಿಡ್ರಿ" ಅಂದರು. ಆದರೆ ಇದು ಸುಮ್ನೆ ಒಳಗೊಳಗೇ ಸವೆಯುವ ಭಾಗ ಅಲ್ವಾ?

ಹೈ ಪ್ರೆಶರ್ ಫ್ಯೂಯೆಲ್ ಪಂಪ್ ಬಿಚ್ಚಿದರೆ ಸಣ್ಣ ಬಟ್ಟಲಿನಂಥ ಉಕ್ಕಿನ ತುಂಡು ಸಿಗುತ್ತದೆ, ಅದೇ ಈ ಫಾಲೋವರ್. ತಳದ ಕಪ್ಪು ಲೇಪನ ಹೋಗಿ ಉಕ್ಕು ಹೊಳೆಯುತ್ತಿದ್ದರೆ ಬದಲಿಸಲೇಬೇಕು. ತೂತು ಬಿದ್ದರಂತೂ ಪಂಪ್, ಕ್ಯಾಮ್‌ಶಾಫ್ಟ್ ಎರಡಕ್ಕೂ ಪೆಟ್ಟು.

ಹೊಸ ಫಾಲೋವರ್ ಹೈದರಾಬಾದ್‌ನಿಂದ ತರಿಸುತ್ತೇನೆ. ಎಂಜಿನ್ ತಣ್ಣಗಾಗುವವರೆಗೆ ಕಾದು, ಪೆಟ್ರೋಲ್ ಪ್ರೆಶರ್ ಇಳಿಸಿಯೇ ಬಿಚ್ಚುವವರು ಬೇಕು. ನಮ್ಮ ಬಿಸಿಲಲ್ಲಿ ಅದು ಬೇಗ ತಣ್ಣಗಾಗೋದೂ ಇಲ್ಲ ಬಿಡಿ!

ಸೇಡಂ ರೋಡ್, ಜೇವರ್ಗಿ ರೋಡ್ ಎಲ್ಲಾದರೂ ಸರಿ, ಬೀದರ್‌ಗೂ ಬರುತ್ತೇನೆ. ಮಾಡಿಸಿದವರು ಲೇಬರ್ ಎಷ್ಟಾಯಿತು ಅಂತಲೂ ತಿಳಿಸಿ.