ಪಣಜಿಯ ಫೊಂಟೇನ್ಹಾಸ್ ಓಣಿಗೋಳು: ನಡಕೋತ ನೋಡಾಕ ಹೊಂಟೇವಿ, ಗೊತ್ತಿದ್ದವ್ರು ಹೇಳ್ರಿ

ಬೆಳವಲದ ಹುಡುಗಿ

ಎಲ್ಲಾರಿಗೂ ನಮಸ್ಕಾರ್ರಿ. ಬರೋ ಡಿಸೆಂಬರ್‌ನ್ಯಾಗ ಅವ್ವನ ಕರ್ಕೊಂಡು ಗೋವಾಕ್ಕ ಹೋಗೋ ವಿಚಾರ ಐತಿ. ಬೀಚ್ ಗೀಚ್ ಎಲ್ಲಾ ಮೊದಲ ನೋಡೇವಿ, ಈ ಸಲ ಪಣಜಿಯೊಳಗ ಉಳದು ಆ ಬಣ್ಣ ಬಣ್ಣದ ಹಳೇ ಮನಿಗೋಳು ಅದಾವಲ್ಲ, ಫೊಂಟೇನ್ಹಾಸ್ ಅಂತಾರ, ಅದನ್ನ ಆರಾಮ ನಡಕೋತ ನೋಡಬೇಕಂತ ಆಸೆ. ರೀಲ್ಸ್‌ನ್ಯಾಗ ನೋಡಿದ್ರ ಎಲ್ಲಾರೂ ಒಂದು ಹಳದಿ ಗೋಡಿ, ಒಂದು ನೀಲಿ ಬಾಗ್ಲ ಮುಂದ ನಿಂತು ಫೋಟೋ ತೆಗಸ್ಕೊಂಡು ಹೋಗಿಬಿಡ್ತಾರ. ಆ ಮನಿಗೋಳು ಯಾರ ಕಟ್ಟಿದ್ರು, ಯಾಕ ಹಿಂಗ ಬಣ್ಣ ಅನ್ನೋದು ಒಬ್ರೂ ಹೇಳಂಗಿಲ್ಲ. ಬಸ್ ಸ್ಟ್ಯಾಂಡಿನಿಂದ ನಡಕೊಂಡು ಹೋಗಬಹುದೇನು? ಅವ್ವಗ ಮೊಣಕಾಲು ನೋವು ಐತಿ, ಏರು ಇಳಿ ಭಾಳ ಇದ್ರ ಕಷ್ಟ. ಗೈಡ್ ಬೇಕಾಗ್ತೈತೋ ನಾವ ನೋಡಬಹುದೋ? ಮತ್ತ ಆ ಮನಿಗೋಳಾಗ ಮಂದಿ ಇನ್ನೂ ಇರ್ತಾರಂತ, ಅವ್ರಿಗೆ ತ್ರಾಸು ಆಗದಂಗ ಹೆಂಗ ನೋಡಬೇಕು ಅನ್ನೋದೂ ಹೇಳ್ರಿ.

ಕಾಳಿ ದಂಡೆಯವ

ಮೇಡಂ, ನಾನು ಕಾರವಾರದವ, ಪಣಜಿಗೆ ಕೆಲಸದ ಮೇಲೆ ಹೋದಾಗೆಲ್ಲ ಆ ಕಡೆ ಒಂದು ಸುತ್ತು ಹಾಕದೆ ಬರೋದಿಲ್ಲ. ನೀವು ಇಳಿಯೋ ಕದಂಬ ಬಸ್ ಸ್ಟ್ಯಾಂಡ್ ಪಾಟ್ಟೋ ಕಡೆ ಇದೆ, ಅಲ್ಲಿಂದ ಓರೆಮ್ ಅನ್ನೋ ಹಳ್ಳ ದಾಟಿದ್ರೆ ಆಚೆ ದಡದಲ್ಲೇ ಫೊಂಟೇನ್ಹಾಸ್, ನಿಧಾನಕ್ಕೆ ನಡೆದ್ರೂ ಹತ್ತು ಹದಿನೈದು ನಿಮಿಷ. ಆಟೋ ಬೇಡವೇ ಬೇಡ.

ಜಾಗದ ಲೆಕ್ಕ ಮೊದಲು ತಲೇಲಿ ಕೂರಿಸ್ಕೊಳ್ಳಿ, ಆಮೇಲೆ ದಾರಿ ತಪ್ಪಲ್ಲ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಆಲ್ತಿನೊ ಗುಡ್ಡ, ಎರಡರ ನಡುವೆ ಉದ್ದಕ್ಕೆ ಹಬ್ಬಿಕೊಂಡಿರೋ ಸಣ್ಣ ಸಣ್ಣ ಓಣಿಗಳು. ಹಾಗಾಗಿ ಬೆಳಗ್ಗೆ ಹೋಗಿ ಅಂತ ನಾನು ಎಲ್ಲರಿಗೂ ಹೇಳೋದು, ಹಳ್ಳದ ಕಡೆ ಮುಖ ಮಾಡಿರೋ ಮನೆಗಳ ಮೇಲೆ ಆವಾಗ ನೇರ ಬಿಸಿಲು ಬೀಳುತ್ತೆ, ಸಂಜೆ ಗುಡ್ಡದ ನೆರಳು ಬೇಗ ಬಂದು ಓಣಿ ಎಲ್ಲ ಮಂಕಾಗುತ್ತೆ. ಜೊತೆಗೆ ಒಂಬತ್ತು ಗಂಟೆ ಆದ್ಮೇಲೆ ಬಾಡಿಗೆ ಸ್ಕೂಟರ್, ಕಾರು ಎಲ್ಲ ನುಗ್ಗೋಕೆ ಶುರು, ಫುಟ್‌ಪಾತ್ ಅನ್ನೋದು ಹೆಚ್ಚಿನ ಕಡೆ ಇಲ್ಲ, ಅಮ್ಮನ್ನ ಕರ್ಕೊಂಡು ಹೋಗೋರಿಗೆ ಆ ಹೊತ್ತು ಬೇಡ.

ಓರೆಮ್ ರಸ್ತೆ ನೋಡ್ಕೊಂಡು ಒಳಗೆ ತಿರುಗಿ 31 ಜನವರಿ ರಸ್ತೆ ಹಿಡೀರಿ, ದಕ್ಷಿಣಕ್ಕೆ ಹೋದ್ರೆ ಸೇಂಟ್ ಸೆಬಾಸ್ಟಿಯನ್ ಚಾಪೆಲ್, ಅಂದ್ರೆ ಸಣ್ಣ ಚರ್ಚು, ಸಿಗುತ್ತೆ, ಇನ್ನೂ ಮುಂದೆ ಹೋದ್ರೆ ಮಾಲಾ ಅನ್ನೋ ಭಾಗ, ಅಲ್ಲಿ ಗುಡ್ಡದ ಬುಡದಲ್ಲಿ ಹಳೇ ನೀರಿನ ಚಿಲುಮೆ ಇದೆ, ಮೇಲೆ ಮಾರುತಿ ದೇವಸ್ಥಾನ. ವಾಪಸ್ ಉತ್ತರಕ್ಕೆ ಬಂದ್ರೆ ಸಾವ್ ತೊಮೆ, ಹೆಡ್ ಪೋಸ್ಟ್ ಆಫೀಸ್ ಇರೋ ಕಡೆ. ಇಷ್ಟೂ ಬಹುತೇಕ ಸಮತಟ್ಟು. ಮೆಟ್ಟಿಲು ಇರೋದು ದೇವಸ್ಥಾನಕ್ಕೆ ಮತ್ತೆ ಆಲ್ತಿನೊಗೆ ಹತ್ತೋರಿಗೆ ಮಾತ್ರ, ಅದನ್ನ ಬಿಡಿ.

ಸುಣ್ಣದ ಗಾರೆ

ಬಣ್ಣದ ಬಗ್ಗೆ ಕೇಳಿದ್ರಲ್ಲ, ಹಳೇ ಕಟ್ಟಡ ರಿಪೇರಿ ನನ್ನ ಕಸುಬು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಪೋರ್ಚುಗೀಸರ ಕಾಲದಲ್ಲಿ ಮಳೆಗಾಲ ಮುಗಿದ ಮೇಲೆ ವರ್ಷಾ ವರ್ಷ ಮನೆಗೆ ಬಣ್ಣ ಬಳೀಲೇಬೇಕು ಅಂತ ಕಟ್ಟಳೆ ಇತ್ತು. ಪೂರ್ತಿ ಬಿಳಿ ಅನ್ನೋದು ಚರ್ಚಿಗೆ ಮೀಸಲು, ಅದಕ್ಕೇ ಮನೆಗಳು ಹಳದಿ, ನೀಲಿ, ಕೆಂಪು, ಹಸಿರು ಆಗಿರೋದು, ಬಿಳಿ ಬರೋದು ಕಿಟಕಿ ಬಾಗಿಲಿನ ಸುತ್ತಿನ ಪಟ್ಟಿ ಮತ್ತೆ ಮೂಲೆಗಳಲ್ಲಿ ಮಾತ್ರ. ಆದರೆ ಚಂದಕ್ಕೆ ಅಂತ ಅಷ್ಟೇ ಅಲ್ಲ ಇದು. ಗೋಡೆ ಒಳಗಿರೋದು ಮುರಕಲ್ಲು, ತೂತು ತೂತಿನ ಕಲ್ಲು, ಮಳೆ ಹೊಡೆದರೆ ನೀರು ಹೀರಿಕೊಳ್ಳುತ್ತೆ. ಗೋವಾದಲ್ಲಿ ವರ್ಷಕ್ಕೆ ಹತ್ತತ್ರ 3000 ಮಿಲಿಮೀಟರ್ ಮಳೆ. ಹಾಗಾಗಿ ಹೊರಗೆ ಸುಣ್ಣದ ಗಾರೆ, ಅದರ ಮೇಲೆ ಬಣ್ಣದ ಮಣ್ಣು ಕಲಸಿದ ಸುಣ್ಣದ ನೀರು. ಈ ಸುಣ್ಣ ಗೋಡೆ ಒಳಗೆ ಸೇರಿದ ತೇವವನ್ನ ಹೊರಗೆ ಬಿಡುತ್ತೆ, ತಾನು ಸವೆದು ಕಲ್ಲನ್ನ ಉಳಿಸುತ್ತೆ, ಅದಕ್ಕೇ ಪ್ರತಿ ವರ್ಷ ಮತ್ತೆ ಬಳಿಯೋದು.

ಈಗ ಎಷ್ಟೋ ಕಡೆ ಡಬ್ಬಿಯಿಂದ ಪ್ಲಾಸ್ಟಿಕ್ ಪೇಂಟ್ ತೆಗೆದು ಹೊಡೆದಿರ್ತಾರೆ, ಒಳಗಿನ ತೇವಕ್ಕೆ ಹೊರಗೆ ಬರೋಕೆ ದಾರಿ ಇಲ್ಲದೆ ಗುಳ್ಳೆ ಎದ್ದು ಗಾರೆ ಸಮೇತ ಹಪ್ಪಳದ ಥರ ಕಿತ್ತು ಬರುತ್ತೆ. ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ. ನೀವು ನಡೆಯುವಾಗ ನೆಲದಿಂದ ಮೊಣಕಾಲೆತ್ತರದ ತನಕ ಗೋಡೆ ಗಮನಿಸಿ, ಎಲ್ಲಿ ಸುಣ್ಣ ಎಲ್ಲಿ ಪೇಂಟ್ ಅಂತ ನಿಮಗೇ ಗೊತ್ತಾಗುತ್ತೆ. ಸುಣ್ಣದ ಗೋಡೆ ಉದುರಿದ ಕಡೆ ಹಳದಿ ಕೆಳಗೆ ನೀಲಿ, ನೀಲಿ ಕೆಳಗೆ ಕೆಮ್ಮಣ್ಣಿನ ಬಣ್ಣ ಹೀಗೆ ಪದರ ಪದರ ಕಾಣುತ್ತೆ.

ಇನ್ನೊಂದು ತಪ್ಪದೆ ನೋಡಬೇಕಾದ್ದು ಚಿಪ್ಪಿನ ಕಿಟಕಿ. ಗಾಜು ದುಬಾರಿ ಇದ್ದ ಕಾಲದಲ್ಲಿ ಒಂದು ಜಾತಿ ಚಪ್ಪಟೆ ಸಮುದ್ರದ ಚಿಪ್ಪನ್ನ ಚೌಕಾಕಾರಕ್ಕೆ ಕತ್ತರಿಸಿ ಮರದ ಪಟ್ಟಿಗಳ ನಡುವೆ ಒಂದೊಂದೇ ಕೂರಿಸ್ತಿದ್ರು. ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಹೊರಗಿನಿಂದ ಮಾಸಲು ಬೂದು ಕಾಣಿಸುತ್ತೆ, ಒಳಗೆ ನಿಂತು ನೋಡಿದ್ರೆ ಬಿಸಿಲು ಹಾಲಿನ ಬಣ್ಣಕ್ಕೆ ತಿರುಗಿ ಬರುತ್ತೆ, ಕಣ್ಣಿಗೆ ಕುಕ್ಕಲ್ಲ. ಹಾಗೇ ತಲೆ ಎತ್ತಿ ಹೆಂಚು ನೋಡಿ, ಬಹಳ ಕಡೆ ನಮ್ಮ ಮಂಗಳೂರು ಹೆಂಚೇ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಕಾರ್ಖಾನೆ ಹಾಕಿದ ಮೇಲೆ ಕರಾವಳಿ ಉದ್ದಕ್ಕೂ ಹೋದ ಮಾಲು ಅದು.

ಓಣಿಯ ಹಳೇ ಬಾಡಿಗೆದಾರ

ಮೇಲಿನವರು ಎಲ್ಲ ಚೆನ್ನಾಗಿ ಹೇಳಿದ್ದಾರೆ. ನಾನು ನೌಕರಿಗೆ ಅಂತ ಕೆಲವು ವರ್ಷ ಅಲ್ಲೇ ಒಂದು ಮನೆ ಮಹಡಿ ಮೇಲೆ ಬಾಡಿಗೆಗಿದ್ದವನು, ತ್ರಾಸು ಆಗದ ಹಾಗೆ ಹೇಗೆ ನೋಡೋದು ಅಂತ ಕೇಳಿದ್ರಲ್ಲ ಮೇಡಂ, ಆ ಪ್ರಶ್ನೆ ಓದಿ ತುಂಬಾ ಖುಷಿಯಾಯ್ತು, ಯಾಕಂದ್ರೆ ಯಾರೂ ಕೇಳಲ್ಲ. ಅಲ್ಲಿ ಮನೆಗಳಿಗೆ ಕಾಂಪೌಂಡ್ ಇಲ್ಲ, ಬಾಗಿಲು ತೆಗೆದ್ರೆ ಸೀದಾ ರಸ್ತೆ. ಕಿಟಕಿ ಆಚೆ ಯಾರೋ ಅಜ್ಜಿ ಮಲಗಿರ್ತಾರೆ, ಈಚೆ ಕಿಟಕಿಗೆ ಒರಗಿ ಫೋಟೋ ಶೂಟ್ ನಡೀತಿರುತ್ತೆ. ನಮ್ಮ ಮಾಲಕಿ ಬೆಳಗ್ಗೆ ಬಾಗಿಲು ತೆಗೆಯೋಕೆ ಹೋದ್ರೆ ಮೆಟ್ಟಿಲ ಮೇಲೆ ಪ್ರೀ ವೆಡ್ಡಿಂಗ್ ಜೋಡಿ ಕೂತಿರೋರು, ಅವರೇ ಇವರಿಗೆ ಸ್ವಲ್ಪ ತಾಳಿ ಅಂತ ಕೈ ತೋರ್ಸೋರು, ತಮ್ಮ ಮನೆಯಿಂದ ತಾವು ಹೊರಗೆ ಬರೋಕೆ ಅಪ್ಪಣೆ ಕೇಳಬೇಕು ಅನ್ನೋ ಪರಿಸ್ಥಿತಿ. ಅದಕ್ಕೇ ಈಗ ಸುಮಾರು ಬಾಗಿಲಲ್ಲಿ ಫೋಟೋ ಬೇಡ ಅಂತ ಬೋರ್ಡ್ ತೂಗ್ತಿದೆ, ಬೋರ್ಡ್ ಕಂಡ ಕಡೆ ಮೊಬೈಲ್ ಒಳಗಿಟ್ಟುಬಿಡಿ.

ಓಣಿ ಪೂರ್ತಿ ಬರೋ ಹಾಗೆ ದೂರದಿಂದ ತೆಗೆದ್ರೆ ಯಾರೂ ಏನೂ ಅನ್ನಲ್ಲ. ಮೆಟ್ಟಿಲು ಹತ್ತೋದು, ಕಿಟಕಿಯಿಂದ ಇಣುಕೋದು, ಕುಂಡ ಸರಿಸೋದು ಬೇಡ. ಕೂತಿರೋ ಹಿರಿಯರಿಗೆ ಒಂದು ನಮಸ್ಕಾರ ಹಾಕಿ, ಹಿಂದಿ ಬಂದ್ರೆ ಸಾಕು, ಕೊಂಕಣಿ ಬಂದ್ರೆ ಇನ್ನೂ ಒಳ್ಳೇದು, ಅವರಾಗೇ ಮಾತಾಡ್ತಾರೆ. ಮನೆಯಲ್ಲಿ ಇನ್ನೂ ಪೋರ್ಚುಗೀಸ್ ಆಡೋ ವಯಸ್ಸಾದವರು ಇದ್ದಾರೆ. ಬೆಳಗ್ಗೆ ಬೇಗ ಹೋದ್ರೆ ಪೊದೇರ್, ಅಂದ್ರೆ ಬ್ರೆಡ್ ಮಾರೋನು, ಸೈಕಲ್ ಹಾರ್ನ್ ಒತ್ಕೊಂಡು ಪಾವ್ ಮಾರ್ತಾ ಬರ್ತಾನೆ, ಬಿಸಿ ಬಿಸಿ ತಗೊಳ್ಳಿ.

ಗೈಡ್ ವಿಚಾರ: ಓಣಿ ಸುತ್ತೋಕೆ ಬೇಡ, ಮನೆ ಒಳಗೆ ಹೋಗಿ ನೋಡೋ ಆಸೆ ಇದ್ರೆ ಮಾತ್ರ ಮನೆಯವರ ಒಪ್ಪಿಗೆ ಇಟ್ಕೊಂಡು ಕರ್ಕೊಂಡು ಹೋಗೋ ಸ್ಥಳೀಯರ ಜೊತೆ ಹೋಗಿ. ಇಲ್ಲಾಂದ್ರೆ ಪಂಜಿಮ್ ಇನ್ ಥರ ಹಳೇ ಮನೆಯನ್ನೇ ಹೋಟೆಲ್ ಮಾಡಿರೋ ಕಡೆ ಉಳಿದ್ರೂ ಆಯ್ತು, ಮರದ ಮಹಡಿ, ಬಾಲ್ಕನಿ ಎಲ್ಲ ಸಮಾಧಾನವಾಗಿ ನೋಡಬಹುದು.

ಬೆಳವಲದ ಹುಡುಗಿ

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರೀ, ಅವ್ವಗ ಎಲ್ಲಾ ಓದಿ ಹೇಳಿದೆ, ಚಿಪ್ಪಿನ ಕಿಟಕಿ ಮೊದಲ ತೋರ್ಸು ಅಂತ ಕುಂತಾಳ. ಇನ್ನೊಂದು ಕೇಳೂದು ಐತಿ. ಫೋಟೋದಾಗ ನಡು ನಡುವ ಕೆಲವು ಮನಿ ಪೂರಾ ಬಿದ್ದು ಹೋಗೂವಂಗ ಅದಾವ, ಗ್ವಾಡ್ಯಾಗ ಗಿಡ ಬೆಳದಾವ, ಬಾಜು ಮನಿ ಮಾತ್ರ ಹೊಸದರಂಗ ಇರ್ತೈತಿ. ಅಷ್ಟ ಬೆಲೆಬಾಳೋ ಜಾಗಾ, ಯಾಕ ಹಂಗ ಬಿಟ್ಟಾರ? ಮತ್ತ ಈ ಓಣಿ ಶುರು ಆದದ್ದು ಯಾವಾಗ?

ಸುಣ್ಣದ ಗಾರೆ

ಬೀಳೋ ಮನೆಗಳ ಹಿಂದೆ ಹೆಚ್ಚಾಗಿ ಪಾಲಿನ ಕಥೆ ಇರುತ್ತೆ. ಗೋವಾದಲ್ಲಿ ಪೋರ್ಚುಗೀಸರ 1867ರ ಸಿವಿಲ್ ಕೋಡ್‌ನ ಉತ್ತರಾಧಿಕಾರದ ಪದ್ಧತಿ 1961ರಲ್ಲಿ ಗೋವಾ ಭಾರತಕ್ಕೆ ಸೇರಿದ ನಂತರವೂ ಉಳ್ಕೊಂಡು ಬಂತು, ಅದರ ಪ್ರಕಾರ ಗಂಡು ಹೆಣ್ಣು ಅಂತ ನೋಡದೆ ಎಲ್ಲ ಮಕ್ಕಳಿಗೂ ಸಮಪಾಲು, ಅಪ್ಪ ಅಮ್ಮ ಮನಸ್ಸು ಮಾಡಿದ್ರೂ ಒಬ್ಬರನ್ನ ಸುಮ್ಮನೆ ಪಾಲಿನಿಂದ ಹೊರಗಿಡೋ ಹಾಗಿಲ್ಲ. ನ್ಯಾಯದ ಮಾತೇ. ಆದರೆ ಮೂರು ತಲೆಮಾರು ಕಳೆಯೋ ಹೊತ್ತಿಗೆ ಒಂದು ಮನೆಗೆ ರಾಶಿ ವಾರಸುದಾರರು, ಒಬ್ಬರು ಲಿಸ್ಬನ್, ಒಬ್ಬರು ಕೆನಡಾ, ಒಬ್ಬರು ಮುಂಬೈ, ಮಾರೋಕಾಗಲಿ ದೊಡ್ಡ ರಿಪೇರಿಗಾಗಲಿ ಎಲ್ಲರ ಸಹಿ ಕೂಡಿಸೋಕೇ ಆಗಲ್ಲ. ಅಷ್ಟರಲ್ಲಿ ಹೆಂಚು ಜಾರಿ ಮಳೆನೀರು ಒಳಗಿಳಿದು ತೊಲೆ ಕೊಳೆತುಹೋಗಿರುತ್ತೆ. ಮುರಕಲ್ಲಿನ ಮನೆಗೆ ಮೇಲಿನ ಹೆಂಚು ಸರಿ ಇದ್ರೆ ನೂರಾರು ವರ್ಷ ಏನೂ ಆಗಲ್ಲ, ಮೇಲೆ ಸೋರೋಕೆ ಶುರುವಾಯ್ತು ಅಂದ್ರೆ ಕೆಲವೇ ಮಳೆಗಾಲ ಅಷ್ಟೇ.

ಗೋಪಕಪಟ್ಟಣ

ಇತಿಹಾಸದ ಪ್ರಶ್ನೆಗೆ ನಾನು ಹೇಳ್ತೀನಿ. ಹದಿನೆಂಟನೇ ಶತಮಾನದ ಕೊನೆಗೆ ಆಂಟೋನಿಯೊ ಜುವಾವ್ ದ ಸಿಕ್ವೇರಾ ಅನ್ನೋ ಗೋವಾದವನೇ, ಮೊಜಾಂಬಿಕ್‌ನಲ್ಲಿ ದುಡ್ಡು ಮಾಡ್ಕೊಂಡು ಬಂದು ಈ ಜಾಗದಲ್ಲಿ ತೆಂಗಿನ ತೋಟ ಹಾಕಿದ. ಅದಕ್ಕೂ ಮೊದಲಿಂದಲೇ ಆಗಿನ ರಾಜಧಾನಿ ಹಳೇ ಗೋವಾ ಪಟ್ಟಣ ಕಾಯಿಲೆಗಳಿಂದ ಖಾಲಿ ಆಗ್ತಾ ಇತ್ತು, ಪೋರ್ಚುಗೀಸ್ ವೈಸರಾಯ್ 1759ರಲ್ಲಿ ಪಣಜಿಗೆ ಬಂದ, 1843ರಲ್ಲಿ ಪಣಜಿಯೇ ಅಧಿಕೃತ ರಾಜಧಾನಿ ಆಯ್ತು. ಆಮೇಲೆ ನೌಕರರು, ವ್ಯಾಪಾರಿಗಳು ಎಲ್ಲ ಮನೆ ಕಟ್ಕೊಂಡು ತೋಟ ಹೋಗಿ ಓಣಿ ಆಯ್ತು. ವೈಸರಾಯ್ ಬಂದು ಇಳಿದ ಅರಮನೆ ಯಾರದು ಅಂದ್ಕೊಂಡ್ರಿ, ನಮ್ಮ ಬಿಜಾಪುರದ ಆದಿಲ್ ಶಾಹಿಗಳದ್ದು, ಮಾಂಡೋವಿ ದಡದಲ್ಲಿ ಈಗ್ಲೂ ಇದೆ, ಅಲ್ಲಿಂದ ದೂರ ಇಲ್ಲ, ಕರ್ನಾಟಕದವರು ನೋಡದೆ ಬರಬಾರದು ಅನ್ನೋದು ನನ್ನ ಅಭಿಪ್ರಾಯ.

ಸೇಂಟ್ ಸೆಬಾಸ್ಟಿಯನ್ ಚಾಪೆಲ್ ಒಳಗಿನ ಶಿಲುಬೆಯನ್ನ ಮಾತ್ರ ನಿಂತು ನೋಡಿ. ಮೊದಲು ಅದು ಹಳೇ ಗೋವಾದ ಇನ್‌ಕ್ವಿಸಿಷನ್ ಕಚೇರಿಯಲ್ಲಿತ್ತು, ಅಲ್ಲಿ 1560ರಿಂದ 1812ರ ತನಕ ಜನರನ್ನ ಧರ್ಮದ ಹೆಸರಲ್ಲಿ ಹಿಡಿದು ತಂದು ವಿಚಾರಣೆ ಮಾಡ್ತಿದ್ರು. ಅದು ಮುಚ್ಚಿದ ಮೇಲೆ ಆದಿಲ್ ಶಾಹಿ ಅರಮನೆಯ ಚಾಪೆಲ್‌ಗೆ, 1918ರಲ್ಲಿ ಇಲ್ಲಿಗೆ ಬಂತು. ಸಾಮಾನ್ಯವಾಗಿ ಶಿಲುಬೆಯ ಮೇಲಿನ ಏಸು ತಲೆ ಬಾಗಿಸಿ ಕಣ್ಣು ಮುಚ್ಚಿರ್ತಾನೆ, ಇಲ್ಲಿ ತಲೆ ಎತ್ತಿದೆ, ಕಣ್ಣು ತೆರೆದಿದೆ, ಎದುರು ನಿಂತವರನ್ನ ನೆಟ್ಟಗೆ ನೋಡುತ್ತೆ. ವಿಚಾರಣೆಗೆ ಬಂದವರ ಎದುರಿಗೆ ಇದ್ದ ಮೂರ್ತಿ ಅಂತ ಗೊತ್ತಿದ್ದು ನೋಡಿದ್ರೆ ಮೈ ಜುಂ ಅನ್ನುತ್ತೆ.

ಹಾಂ, ಫೊಂಟೇನ್ಹಾಸ್ ಯುನೆಸ್ಕೋ ಪಟ್ಟಿಯಲ್ಲಿದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು ಹಳೇ ಗೋವಾದ ಚರ್ಚು, ಕಾನ್ವೆಂಟುಗಳು. ಈ ಓಣಿ ಉಳಿದಿರೋದು ಅಲ್ಲಿ ಬಾಳ್ತಿರೋ ಜನರ ಖರ್ಚಲ್ಲಿ.

ಕಾಳಿ ದಂಡೆಯವ

ಚಾಪೆಲ್ ಬಹುಮಟ್ಟಿಗೆ ಪೂಜೆ ಹೊತ್ತಲ್ಲಿ ಮಾತ್ರ ತೆಗೆದಿರುತ್ತೆ ಮೇಡಂ, ಅದಕ್ಕೂ ಬೆಳಗ್ಗೆ ಬೇಗ ಹೋಗೋದೇ ಸರಿ, ಪೂಜೆ ನಡೀತಿದ್ರೆ ಮುಗಿಯೋ ತನಕ ಹೊರಗೆ ಕಾಯಿರಿ. ಡಿಸೆಂಬರ್ 19 ಗೋವಾ ವಿಮೋಚನಾ ದಿನ, ಆಮೇಲೆ ಕ್ರಿಸ್‌ಮಸ್ ರಶ್ ಶುರು, ಸಾಧ್ಯ ಆದ್ರೆ ತಿಂಗಳ ಮೊದಲ ಎರಡು ವಾರದಲ್ಲಿ ಒಂದು ಸೋಮವಾರ ಅಥವಾ ಮಂಗಳವಾರ ಇಟ್ಕೊಳ್ಳಿ. ಅಮ್ಮನಿಗೆ ಮೆತ್ತನೆ ಚಪ್ಪಲಿ, ನೀರಿನ ಬಾಟಲಿ ಇರಲಿ, ಹೋಟೆಲ್ ಬುಕ್ ಮಾಡೋವಾಗ ಕೆಳಗಿನ ಮಹಡಿ ರೂಮ್ ಅಂತ ಮೊದಲೇ ಹೇಳಿಬಿಡಿ, ಹಳೇ ಮನೆಗಳಲ್ಲಿ ಲಿಫ್ಟ್ ಸಿಗೋದು ಕಷ್ಟ.