ದರಗು ಇಷ್ಟಿದ್ದೂ ಮರ ಯಾಕೆ ಸೊರಗಿದೆ? ಉತ್ತರ ಸ್ವೀಡನ್ನಿನ ಬೋರಿಯಲ್ ಕಾಡಿನ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಸರ್, ನಾನಿರೋದು ಉತ್ತರ ಸ್ವೀಡನ್ನಿನ ಊಮಿಯೋದಲ್ಲಿ. ಇಲ್ಲಿನ ಬೋರಿಯಲ್, ಅಂದರೆ ಉತ್ತರದ ಶೀತವಲಯದ, ಪೈನ್, ಸ್ಪ್ರೂಸ್ ಕಾಡಿನಲ್ಲಿ ಕಾಲಿಟ್ಟರೆ ಹೂತುಹೋಗುವಷ್ಟು ಹಾವಸೆ, ದರಗು. ನೀರಿಗೂ ಬರವಿಲ್ಲ. ಆದರೂ ನೂರು ವರ್ಷದ ಎಷ್ಟೋ ಮರ ತೊಡೆ ಗಾತ್ರ ದಾಟಿಲ್ಲ. ಮಲೆನಾಡಿನಲ್ಲಾದರೆ ಇಷ್ಟು ದರಗಿಗೆ ತೋಟ ನಳನಳಿಸುತ್ತಿತ್ತು. ಚಳಿಯೊಂದೇ ಕಾರಣವೇ?

ಉತ್ತರ: ಚಳಿಯಷ್ಟೇ ದೊಡ್ಡ ಕಾರಣ ಸಾರಜನಕದ ಕೊರತೆ. ಸಲಿಕೆಯಲ್ಲಿ ಒಂದು ಮೊಳ ಅಗೆದು ನೋಡಿ. ಹಾವಸೆಯಡಿ ಕೊಳೆತ ದರಗಿನ ಕಪ್ಪು ಹ್ಯೂಮಸ್, ಆಮೇಲೆ ಬೂದಿಬಣ್ಣದ ಮರಳು, ಅದರ ಕೆಳಗೆ ತುಕ್ಕುಗೆಂಪು ಪದರ. ಇದು ಪಾಡ್ಸಾಲ್ ಮಣ್ಣು. ದರಗಿನ ಹುಳಿನೀರು ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ತೊಳೆದು ಕೆಳಗಿಳಿಸಿರುತ್ತದೆ. ಹ್ಯೂಮಸ್‌ನ ಪಿಎಚ್ 4ರ ಆಸುಪಾಸು, ಅಂದರೆ ಚೆನ್ನಾಗಿ ಹುಳಿ. ಮಣ್ಣು ಮಗುಚುವ ಎರೆಹುಳು ವಿರಳ, ಹಾಗಾಗಿ ದರಗು ಮಣ್ಣಿಗೆ ಬೆರೆಯದೆ ಮೇಲೇ ಕೂರುತ್ತದೆ. ಅದರೊಳಗೆ ಸಾರಜನಕ ಹೆಕ್ಟೇರಿಗೆ ನೂರಾರು ಕಿಲೋ ಇದೆ. ಕಣಜ ತುಂಬಿದೆ, ಬೀಗ ಬಿದ್ದಿದೆ: ದರಗಿನ ಒಗರು ವಸ್ತುವಾದ ಟ್ಯಾನಿನ್‌ಗೆ ಅಂಟಿಕೊಂಡ, ಸಾರಜನಕವಿರುವ ಪ್ರೋಟೀನು ಬೇರಿಗೆ ನೇರವಾಗಿ ದಕ್ಕುವುದಿಲ್ಲ.

ಬೇರಿಗಂಟಿದ ಮೈಕೊರೈಜಾ ಶಿಲೀಂಧ್ರಗಳು ಅದನ್ನು ಒಡೆದು ಮರಕ್ಕೆ ಕೊಡುತ್ತವೆ, ಪ್ರತಿಯಾಗಿ ಮರದಿಂದ ಸಕ್ಕರೆ ಪಡೆಯುತ್ತವೆ. ಈ ವ್ಯವಹಾರ ಸಣ್ಣದಲ್ಲ. ಉತ್ತರ ಸ್ವೀಡನ್ನಿನ ಒಂದು ಪೈನ್ ಕಾಡಿನಲ್ಲಿ ಮರಗಳ ತೊಗಟೆಯನ್ನು ಸುತ್ತಲೂ ಸುಲಿದು ಸಕ್ಕರೆ ಬೇರಿಗೆ ಇಳಿಯದಂತೆ ಮಾಡಿದರು (ಫಲಿತಾಂಶ 2001ರಲ್ಲಿ ಪ್ರಕಟವಾಯಿತು). ಒಂದೆರಡು ತಿಂಗಳಲ್ಲೇ ನೆಲದಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ ಸುಮಾರು ಅರ್ಧಕ್ಕಿಳಿಯಿತು. ಅಂದರೆ ನೆಲದ ಉಸಿರಿನ ಅರ್ಧದಷ್ಟು ನಡೆಯುತ್ತಿದ್ದುದು ಮರ ಇಳಿಸುವ ಈ ಸಕ್ಕರೆಯಿಂದ.

ಮರುಪ್ರಶ್ನೆ: ಹಾಗಾದರೆ ಹೊಸ ಸಾರಜನಕ ಬರೋದು ಎಲ್ಲಿಂದ? ಯೂರಿಯಾ ಎರಚಿದರೆ ಆಗಲ್ವಾ?

ಉತ್ತರ: ನೀವು ತುಳಿದ ಹಾವಸೆಯಿಂದಲೇ! ಅದರ ಎಲೆಗಳ ಸಂದಿಯಲ್ಲಿ ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳಿವೆ. ವರ್ಷಕ್ಕೆ ಹೆಕ್ಟೇರಿಗೆ ಒಂದೂವರೆಯಿಂದ 2 ಕಿಲೋ ಸಾರಜನಕವನ್ನು ಗಾಳಿಯಿಂದ ಹಿಡಿಯುತ್ತವೆ. ಸಾವಿರಾರು ವರ್ಷ ಕೂಡಿದರೆ ಅದು ಕಡಿಮೆಯೇನಲ್ಲ.

ಗೊಬ್ಬರ ಹಾಕುವ ಪದ್ಧತಿ ಸ್ವೀಡನ್ನಿನಲ್ಲಿದೆ. ಕಡಿಯುವ ಹತ್ತು ವರ್ಷ ಮೊದಲು, ಒಮ್ಮೆಗೆ ಹೆಕ್ಟೇರಿಗೆ 150 ಕಿಲೋ ಸಾರಜನಕ, ಅಮೋನಿಯಂ ನೈಟ್ರೇಟ್ ರೂಪದಲ್ಲಿ. ಯೂರಿಯಾ ಬೇಡ, ಅದರ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮರದಲ್ಲಿ ಲಾಭ ಕಾಣುತ್ತದೆ, ನಿಜ. ಆದರೆ ಹಾವಸೆಯ ಸಾರಜನಕ ಹಿಡಿಯುವ ಕೆಲಸ ಕುಗ್ಗುತ್ತದೆ, ಬ್ಲೂಬೆರ್ರಿ ಹಿಂದೆ ಸರಿದು ಹುಲ್ಲು ಏಳುತ್ತದೆ, ಅಣಬೆಯೂ ಇಳಿಯುತ್ತದೆ. ಮಾರುವ ಮರಕ್ಕೆ ಸರಿ. ಹಳೆಯ ಕಾಡಿಗೆ ಹಾಕುವುದು ನನಗಂತೂ ಒಪ್ಪಿಗೆಯಿಲ್ಲ.

ಇನ್ನೊಬ್ಬರು: ಬೆಂಕಿ ಬಿದ್ದರೆ ಈ ಕಾಡಿಗೆ ಒಳ್ಳೆಯದಂತೆ. ಸುಳ್ಳಲ್ವಾ?

ಉತ್ತರ: ಪೂರ್ತಿ ಸುಳ್ಳಲ್ಲ. ಇದೇ ಉತ್ತರ ಸ್ವೀಡನ್ನಿನ ಹೋರ್ನಾವಾನ್, ಉಡ್‌ಯೌರೆ ಸರೋವರಗಳ ದ್ವೀಪಗಳನ್ನು ನೋಡಿ. ದೊಡ್ಡ ದ್ವೀಪಕ್ಕೆ ಸಿಡಿಲು ಹೆಚ್ಚು ಬಡಿಯುತ್ತದೆ, ಹಾಗಾಗಿ ಆಗಾಗ ಸುಡುತ್ತದೆ. ಹೆಕ್ಟೇರಿನ ಹತ್ತನೇ ಒಂದು ಪಾಲೂ ಇಲ್ಲದ ಪುಟ್ಟ ದ್ವೀಪಗಳು ಸರಾಸರಿ 3,000 ವರ್ಷ ದಾಟಿದರೂ ಸುಟ್ಟಿಲ್ಲ. ಅಲ್ಲಿ ಹ್ಯೂಮಸ್ ಬಹಳ ದಪ್ಪ, ನೆಲದಲ್ಲಿ ಇಂಗಾಲ ಹೆಚ್ಚು, ಮರ ಮಾತ್ರ ಕುಳ್ಳು. ಕ್ರೋಬೆರ್ರಿಯಂಥ ಪೊದೆಗಳ ಫೀನಾಲ್ ಎಂಬ ರಾಸಾಯನಿಕಗಳು ಸೇರಿ ಕೊಳೆಯುವಿಕೆ ಇನ್ನೂ ನಿಧಾನವಾಗುತ್ತದೆ. ಸುಟ್ಟ ಕಡೆ ಇದ್ದಿಲು ಆ ಫೀನಾಲ್ ಹೀರುತ್ತದೆ, ನೆಲ ಬಿಸಿಲಿಗೆ ತೆರೆದುಕೊಳ್ಳುತ್ತದೆ. ಹಾಗಂತ ಇಂಗಾಲ ಉಳಿಸುವುದೇ ಗುರಿಯಾದರೆ ಸುಡದ ದ್ವೀಪವೇ ಮೇಲು, ಇದನ್ನು ಮರೆಯಬಾರದು.

ಕಾಡಿನ ಒಳಿತಿಗೆಂದು ಬೇಕೆಂದೇ ಸುಡುವಾಗ ಕೆಲಸ ಕೆಟ್ಟುಹೋಗುವುದು ಹ್ಯೂಮಸ್‌ನ ತೇವದ ಲೆಕ್ಕದಲ್ಲಿ. ಮೇಲಿನ ಹಾವಸೆ ಒಣಗಿ, ಅಡಿಪದರ ಹಸಿಯಿರಬೇಕು. ಎಲ್ಲವೂ ಒಣಗಿದ್ದರೆ ಬೆಂಕಿ ಖನಿಜ ಮಣ್ಣಿನವರೆಗೆ ಇಳಿಯುತ್ತದೆ, ಬೇರು ಬೇಯುತ್ತದೆ, ಸಾರಜನಕ ಹೊಗೆಯಾಗಿ ಹೋಗುತ್ತದೆ. 2018ರ ಬರದ ಬೇಸಿಗೆಯಲ್ಲಿ ಸ್ವೀಡನ್ನಿನಲ್ಲಿ ಸುಮಾರು 25,000 ಹೆಕ್ಟೇರ್ ಸುಟ್ಟಿತು. ತೀರಾ ಹಸಿಯಿದ್ದರೆ ತುದಿಯಷ್ಟೇ ಕರಕಲಾಗಿ ದಪ್ಪ ಹ್ಯೂಮಸ್ ಹಾಗೇ ಉಳಿಯುತ್ತದೆ. ಅದರ ಮೇಲೆ ಬಿದ್ದ ಪೈನ್ ಬೀಜ ಮೊಳೆತರೂ, ಬೇರು ಮಣ್ಣು ಮುಟ್ಟುವ ಮೊದಲೇ ಒಣಗುತ್ತದೆ. ಜ್ವಾಲೆ ಆರಿತೆಂದು ಮನೆಗೆ ಹೋಗುವಂತಿಲ್ಲ. ಹ್ಯೂಮಸ್‌ನೊಳಗೆ ಕೆಂಡ ದಿನಗಟ್ಟಲೆ ಉರಿಯುತ್ತಿರುತ್ತದೆ, ಅಂಚಿನುದ್ದಕ್ಕೂ ಅಗೆದು ನೀರು ಹಾಕಲೇಬೇಕು.