ವಿನ್‌ಕ್ರಿಸ್ಟಿನ್ ಚೀಟಿಗೆ ಪದ ಬೇಕು: ‘ನರ’ ಅಂದರೆ ಸಾಕೇ?

ಅನುವಾದಕಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು, ನಾಳೆ ಸಂಜೆ ಅಚ್ಚಿಗೆ ಹೋಗಬೇಕು.

ಕ್ಯಾನ್ಸರ್ ವಾರ್ಡಿಗೆ ವಿನ್‌ಕ್ರಿಸ್ಟಿನ್ ಔಷಧದ ಬಗ್ಗೆ ಒಂದು ಕೈಹಾಳೆ ಮಾಡುತ್ತಿದ್ದೇನೆ. ಜೊತೆಗೆ ಔಷಧದ ಚೀಲದ ಮೇಲೆ ಅಂಟಿಸುವ ಚೀಟಿ. ಕಾಶಿ ಕಣಗಿಲೆ ಅಥವಾ ಸದಾಪುಷ್ಪ ಅಂತೀವಲ್ಲ, ಆ ಗಿಡದಿಂದ ಬಂದ ಔಷಧ ಇದು. ಮಕ್ಕಳ ರಕ್ತದ ಕ್ಯಾನ್ಸರ್, ಲಿಂಫೋಮಾ, ಮೂತ್ರಪಿಂಡದ ವಿಲ್ಮ್ಸ್ ಗಡ್ಡೆ, ಇವಕ್ಕೆಲ್ಲ ಬೇರೆ ಔಷಧಗಳ ಜೊತೆ ಸೇರಿಸಿ ಕೊಡುತ್ತಾರೆ.

ಚೀಟಿಯಲ್ಲಿ ಬರಬೇಕಾದದ್ದು ಎರಡೇ ಮಾತು. ರಕ್ತನಾಳಕ್ಕೆ ಮಾತ್ರ ಕೊಡಬೇಕು. ಬೇರೆ ದಾರಿಯಲ್ಲಿ ಕೊಟ್ಟರೆ ಸಾವು. ಜನ ಇದನ್ನು ‘ನರಕ್ಕೆ ಕೊಡೋ ಇಂಜೆಕ್ಷನ್’ ಅಂತಾರೆ. ಆದರೆ ಅದೇ ಕೈಹಾಳೆಯ ಕೆಳಭಾಗದಲ್ಲಿ ‘ನರಗಳಿಗೆ ಆಗುವ ತೊಂದರೆ’ ಅಂತ ಪಟ್ಟಿ ಇದೆ: ಬೆರಳು ಜುಮ್ಮೆನ್ನುವುದು, ನಡೆಯುವಾಗ ಪಾದ ಎಳೆಯುವುದು, ದವಡೆ ನೋವು, ಮಲಬದ್ಧತೆ. ಒಂದೇ ಹಾಳೆಯಲ್ಲಿ ಒಂದೇ ಪದಕ್ಕೆ ಎರಡು ಅರ್ಥ. ಏನು ಮಾಡಲಿ?

ಇನ್ನೊಂದು. ನಾನು ‘ಸಸ್ಯಮೂಲದ ಔಷಧ’ ಅಂತ ಬರೆದಿದ್ದೆ. ಕರಡು ನೋಡಿದವರು ಅದನ್ನು ‘ಗಿಡಮೂಲಿಕೆ ಔಷಧ’ ಮಾಡಿದ್ದಾರೆ. ಬಿಡಲೇ?

ಮಿತಭಾಷಿ:

ಅಭಿಧಮನಿ. ಪಠ್ಯಪುಸ್ತಕದಲ್ಲೇ ಇದೆ. ಇದಕ್ಕೂ ಚರ್ಚೆ ಬೇಕಾ?

ಡ್ಯೂಟಿ ಸಿಸ್ಟರ್:

ಬೇಕು ಸರ್. ಅಭಿಧಮನಿ ಅಂದರೆ ಹೃದಯಕ್ಕೆ ರಕ್ತ ತರುವ ನಾಳ, ಅಪಧಮನಿ ಅಂದರೆ ಹೃದಯದಿಂದ ರಕ್ತ ಒಯ್ಯುವ ನಾಳ. ನಡುವೆ ಒಂದಕ್ಷರದ ವ್ಯತ್ಯಾಸ. ರಾತ್ರಿ ಪಾಳಿಯ ಕೊನೆಗೆ ಎರಡೂ ಒಂದೇ ಥರ ಕಾಣುತ್ತವೆ. ಯಾವುದು ಯಾವುದು ಅಂತ ಪಠ್ಯಪುಸ್ತಕ ಬರೆದವರನ್ನೇ ಕೇಳಿ ನೋಡಿ.

ಮೇಡಂ, ‘ನರ’ ಖಂಡಿತ ಬೇಡ. ಯಾಕೆ ಅಂತ ಸ್ವಲ್ಪ ಹೇಳಬೇಕು. ರಕ್ತದ ಕ್ಯಾನ್ಸರ್ ಇರುವ ಮಗುವಿಗೆ ಕೆಲವೊಮ್ಮೆ ಒಂದೇ ದಿನ ಎರಡು ಔಷಧ ಇರುತ್ತವೆ. ಮೆಥೊಟ್ರೆಕ್ಸೇಟ್ ಬೆನ್ನುಮೂಳೆಯೊಳಗಿನ ದ್ರವಕ್ಕೆ ಹೋಗಬೇಕು, ವಿನ್‌ಕ್ರಿಸ್ಟಿನ್ ರಕ್ತಕ್ಕೆ. ಎರಡೂ ಸಿರಿಂಜಿನಲ್ಲಿ ಒಂದೇ ಟ್ರೇಯಲ್ಲಿ ಬಂದರೆ ಅದಲುಬದಲಾಗಬಹುದು. ಬೇರೆ ಬೇರೆ ದೇಶಗಳಲ್ಲಿ ಹಾಗೆ ಆಗಿದೆ. ವಿನ್‌ಕ್ರಿಸ್ಟಿನ್ ಬೆನ್ನಿಗೆ ಹೋದರೆ ಕಾಲಿನಿಂದ ಮೇಲಕ್ಕೆ ಪಾರ್ಶ್ವವಾಯು ಹತ್ತುತ್ತದೆ, ಉಳಿಯುವವರು ತೀರಾ ಅಪರೂಪ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಸಿರಿಂಜು ಬಿಟ್ಟು ಚಿಕ್ಕ ಚೀಲದಲ್ಲಿ ಬೆರೆಸಿ ಕೊಡಿ ಅಂದಿತು. ಚೀಲವನ್ನು ಯಾರೂ ಬೆನ್ನಿಗೆ ಚುಚ್ಚಲು ಹೋಗುವುದಿಲ್ಲ ಅಲ್ವಾ?

ಈಗ ಯೋಚಿಸಿ. ಬೆನ್ನುಹುರಿಯೂ ನರವೇ. ಚೀಟಿ ಮೇಲೆ ‘ನರಕ್ಕೆ ಮಾತ್ರ’ ಅಂತಿದ್ದರೆ?

ಬೇರುಹುಳು:

ಒಳ್ಳೆಯ ಪ್ರಶ್ನೆ. ಮನುಷ್ಯ ಅನ್ನುವ ‘ನರ’ ಸಂಸ್ಕೃತದ್ದು. ಇಲ್ಲಿಯದು ಬೇರೆ, ದ್ರಾವಿಡದ್ದು. ತಮಿಳಿನ ನರಂಬು, ತೆಲುಗಿನ ನರಮು ಇದರ ಒಡಹುಟ್ಟುಗಳು. ಹಗ್ಗದಂತೆ ಮೈಯೊಳಗೆ ಓಡುವುದೆಲ್ಲ ನರವೇ: ಸ್ನಾಯುವಿನ ಕಟ್ಟು, ರಕ್ತದ ನಾಳ, ಸಂವೇದನೆಯ ತಂತು. ತಮಿಳಿನಲ್ಲಿ ವೀಣೆಯ ತಂತಿಯೂ ನರಂಬು. ಇದು ಕನ್ನಡದ ಬಡತನ ಅಂತ ಯಾರೂ ಕೊರಗಬೇಡಿ. ಲ್ಯಾಟಿನ್ನಿನ ನರ್ವುಸ್, ಗ್ರೀಕಿನ ನ್ಯೂರೋನ್ ಎರಡಕ್ಕೂ ಮೊದಲ ಅರ್ಥ ಸ್ನಾಯುವಿನ ಕಟ್ಟೇ. ಅವರು ಆಮೇಲೆ ಅರ್ಥ ಬಿಗಿ ಮಾಡಿಕೊಂಡರು. ನಾವು ಮಾಡಿಕೊಳ್ಳಲಿಲ್ಲ, ಅಷ್ಟೇ.

ಅಂದ ಹಾಗೆ ವಿನ್‌ಕ್ರಿಸ್ಟಿನ್‌ನಲ್ಲಿರುವ ‘ವಿನ್’ ಗಿಡದ ಹಳೆಯ ಹೆಸರಿನದು. ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರು ವಿಂಕಾ ರೋಸಿಯಾ. ಈಗ ಅದು ಕ್ಯಾತರಾಂತಸ್ ರೋಸಿಯಸ್. ಗಿಡದ ಹೆಸರು ಬದಲಾಯಿತು, ಔಷಧದ್ದು ಹಾಗೇ ಉಳಿಯಿತು. ವಿಂಕಾ ಪದವನ್ನು ‘ಕಟ್ಟು’ ಎನ್ನುವ ಲ್ಯಾಟಿನ್ ಧಾತುವಿಗೆ ಸೇರಿಸುತ್ತಾರೆ. ಔಷಧದ ಕೆಲಸವೂ ಕಟ್ಟುವುದೇ! ಜೀವಕೋಶ ಎರಡಾಗುವಾಗ ವರ್ಣತಂತುಗಳನ್ನು ಆಚೀಚೆ ಎಳೆಯಲು ಟ್ಯುಬುಲಿನ್ ಎಂಬ ಪ್ರೋಟೀನಿನಿಂದ ಸಣ್ಣ ಕೊಳವೆಗಳು ಕಟ್ಟಿಕೊಳ್ಳಬೇಕು. ವಿನ್‌ಕ್ರಿಸ್ಟಿನ್ ಆ ಟ್ಯುಬುಲಿನ್ನಿಗೆ ಅಂಟಿಕೊಳ್ಳುತ್ತದೆ. ಕೊಳವೆ ಆಗುವುದಿಲ್ಲ, ಕೋಶ ನಡುವಲ್ಲೇ ನಿಂತು ಸಾಯುತ್ತದೆ.

ಮಿತಭಾಷಿ:

ಕಾಕತಾಳೀಯ. ಲಿನೇಯಸ್‌ಗೆ ಟ್ಯುಬುಲಿನ್ ಕನಸಿನಲ್ಲಿ ಬಂದಿತ್ತೇ?

ಡ್ಯೂಟಿ ಸಿಸ್ಟರ್:

ಬೇರುಹುಳು ಅವರೇ, ಕೊಳವೆಯ ಮಾತು ಕೈಹಾಳೆಗೂ ಉಪಯೋಗ. ನರತಂತುವಿನೊಳಗೆ ಸರಕು ಸಾಗುವುದೂ ಇದೇ ಕೊಳವೆಗಳ ಮೇಲೆ. ಅದಕ್ಕೇ ಬೆರಳು ಜುಮ್ಮೆನ್ನುವುದು, ಕರುಳು ನಿಧಾನವಾಗುವುದು. ದೊಡ್ಡವರಿಗೂ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಿಸುವುದಿಲ್ಲ, ಅದೂ ಇದೇ ಕಾರಣಕ್ಕೆ.

ಅಚ್ಚಗನ್ನಡ:

ಇಶ್ಟೆಲ್ಲ ಯಾಕೆ? ‘ನೆತ್ತರುಗೊಳವೆ’ ಅನ್ನಿ. ಎಲ್ಲರಿಗೂ ತಿಳಿಯುತ್ತದೆ. ಅಬಿದಮನಿಯಲ್ಲಿರುವ ಮಹಾಪ್ರಾಣ ನಮ್ಮ ನಾಲಗೆಯದ್ದಲ್ಲ. ಔಶದ ಬೇಡ, ‘ಮದ್ದು’ ಸಾಕು. ಕ್ಯಾನ್ಸರಿಗೆ ‘ಏಡಿಹುಣ್ಣು’ ಇದೆ. ವಿನ್‌ಕ್ರಿಸ್ಟಿನ್ ಒಂದು ಆಲ್ಕಲಾಯ್ಡ್ ಅಂತ ಬರೆಯಬೇಕಾದರೆ ‘ಗಿಡಗಾರ’ ಅನ್ನಿ. ಕ್ಶಾರ ಅನ್ನುವುದರ ತದ್ಬವ ಕಾರ.

ಮಿತಭಾಷಿ:

ಗಿಡಗಾರ ಅಂದರೆ ಗಿಡ ಮಾರುವವನು.

ಬೇರುಹುಳು:

ಕ್ಷಾರ ಸಂಸ್ಕೃತ, ತದ್ಭವವಾದ ಮಾತ್ರಕ್ಕೆ ಅಚ್ಚಗನ್ನಡ ಆಗಲಿಲ್ಲ. ಆಲ್ಕಲಿ ಅರಬ್ಬಿ, ಗಿಡ ಸುಟ್ಟ ಬೂದಿಗೆ ಇದ್ದ ಹೆಸರು. ಗಿಡದಿಂದ ಬಂದು ಕ್ಷಾರದ ಗುಣ ತೋರುವ ವಸ್ತು ಅಂತ ಆಲ್ಕಲಾಯ್ಡ್. ಇಂಗ್ಲಿಷಿನವರು ಅರಬ್ಬಿ ಪದ ತೆಗೆದುಕೊಂಡು ಸುಮ್ನೆ ಇದ್ದಾರೆ. ನಮಗೇ ಯಾಕೆ ಈ ಮಡಿ?

ಅಚ್ಚಗನ್ನಡ:

ಅವರು ಸಾಲ ತಂದರೂ ಮನೆ ಅವರದ್ದೇ. ನಾವು ಬಾಡಿಗೆಗೆ ಇದ್ದೇವೆ. ನಿಮ್ಮಂತವರಿಂದಲೇ ಕನ್ನಡದಲ್ಲಿ ಅರಿಮೆಯ ಬರಹ ಬೆಳೆಯಲಿಲ್ಲ.

ಡ್ಯೂಟಿ ಸಿಸ್ಟರ್:

ಜಗಳ ಆಮೇಲೆ ಆಡಿ, ಚೀಟಿ ನಾಳೆ ಹೋಗಬೇಕು. ನೆತ್ತರುಗೊಳವೆ ಕಿವಿಗೆ ಚೆನ್ನಾಗಿದೆ. ಆದರೆ ಅಪಧಮನಿಯೂ ನೆತ್ತರುಗೊಳವೆಯೇ. ವಾರ್ಡಿನಲ್ಲಿ ಡಾಕ್ಟರಿಂದ ಹಿಡಿದು ಆಯಾವರೆಗೆ ಎಲ್ಲರೂ ಹೇಳುವುದು ‘ಐವಿ’ (ಇಂಟ್ರಾವೀನಸ್, ಅಂದರೆ ಅಭಿಧಮನಿಯೊಳಕ್ಕೆ). ರೋಗಿಯ ತಾಯಿಯೂ ‘ಐವಿ ಹಾಕಿದ್ರಾ’ ಅಂತಲೇ ಕೇಳುತ್ತಾರೆ. ಚೀಟಿ ಯಾರು ಓದುತ್ತಾರೋ ಅವರ ಬಾಯಲ್ಲಿರುವ ಪದ ಹಾಕಿ.

ಮತ್ತೆ ಒಂದು ಮಾತು, ಇದು ಪದಕ್ಕಿಂತ ಮುಖ್ಯ. ‘ಬೆನ್ನಿಗೆ ಕೊಡಬಾರದು’ ಅಂತ ದಯವಿಟ್ಟು ಬರೆಯಬೇಡಿ. ಇಂಗ್ಲಿಷಿನಲ್ಲೇ ಈ ಥರದ ನಿಷೇಧದ ಸಾಲು ಬೇಡ ಅನ್ನುತ್ತಾರೆ. ಅವರಿಗೆ ‘ಬೇಡ’ ಮೊದಲು ಬರುತ್ತದೆ, ನಮಗೆ ಕೊನೆಗೆ. ಚೀಲದ ಮೇಲೆ ಚೀಟಿ ಮಡಚಿಕೊಂಡರೆ ‘ಬೆನ್ನಿಗೆ ಕೊಡ’ ಅಷ್ಟೇ ಕಾಣುತ್ತದೆ.

ಅನುವಾದಕಿ:

ಅಯ್ಯೋ, ಇದು ಹೊಳೆದೇ ಇರಲಿಲ್ಲ. ಸರಿ, ‘ಐವಿ’ ಹಾಕುತ್ತೇನೆ. ಗಿಡಮೂಲಿಕೆಯ ಕಥೆ?

ಬೇರುಹುಳು:

ತೆಗೆದುಹಾಕಿ. ಗಿಡಮೂಲಿಕೆ ಅಂದ ಕೂಡಲೇ ಜನರಿಗೆ ಕಷಾಯ ನೆನಪಾಗುತ್ತದೆ, ಅಡ್ಡಪರಿಣಾಮ ಇಲ್ಲ ಅನ್ನಿಸುತ್ತದೆ. ಮಧುಮೇಹಕ್ಕೆ ಜನ ಈ ಎಲೆಯ ಕಷಾಯ ಕುಡಿಯುತ್ತಿದ್ದರು ಅನ್ನುವುದು ನಿಜ. ಜಮೈಕಾದಿಂದ ಬಂದ ಎಲೆಗಳನ್ನು ಕೆನಡಾದಲ್ಲಿ ರಾಬರ್ಟ್ ನೋಬಲ್, ಚಾರ್ಲ್ಸ್ ಬೀರ್ ಪರೀಕ್ಷೆ ಮಾಡಿದ್ದೂ ಆ ಕಾರಣಕ್ಕೇ. ಸಕ್ಕರೆ ಇಳಿಯಲಿಲ್ಲ, ಇಲಿಗಳ ಬಿಳಿ ರಕ್ತಕಣ ಇಳಿದವು. ಹಾಗೆ 1958ರಲ್ಲಿ ಸಿಕ್ಕಿದ್ದು ವಿನ್‌ಬ್ಲಾಸ್ಟಿನ್. ಅದರ ತಮ್ಮ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 1 ಗ್ರಾಂ ತೆಗೆಯಲು ನೂರಾರು ಕೆಜಿ ಒಣ ಎಲೆ ಬೇಕು. ಎಲೆ ಅಗಿದರೆ ಔಷಧದ ಅಳತೆ ಸಿಗುವುದಿಲ್ಲ, ಜೊತೆಗಿರುವ ಹತ್ತಾರು ವಿಷಗಳು ಮಾತ್ರ ಸಿಗುತ್ತವೆ. ‘ಸಸ್ಯಮೂಲದ’ ಪದವನ್ನೇ ಇಟ್ಟುಕೊಂಡು, ಪಕ್ಕದಲ್ಲಿ ‘ಮನೆಯಲ್ಲಿ ಎಲೆ ತಿನ್ನಬೇಡಿ’ ಅಂತ ಸೇರಿಸಿ.

ಅಚ್ಚಗನ್ನಡ:

‘ಗಿಡದಿಂದ ತೆಗೆದ ಮದ್ದು’ ಅನ್ನಿ. ಸಸ್ಯ ಯಾಕೆ?

ಡ್ಯೂಟಿ ಸಿಸ್ಟರ್:

ಇದು ಒಪ್ಪಿಗೆ. ‘ತೆಗೆದ’ ಅಂದಾಗ ಲ್ಯಾಬಿನ ಕೆಲಸ ಅಂತ ಗೊತ್ತಾಗುತ್ತದೆ.

ಮಿತಭಾಷಿ:

ಪವಾಡ.

ಅನುವಾದಕಿ:

ಕೊನೆಯ ರೂಪ ಹೀಗಿದೆ.

ಚೀಟಿ: ‘ಐವಿ ಮೂಲಕ ಮಾತ್ರ. ಬೇರೆ ದಾರಿಯಲ್ಲಿ ಕೊಟ್ಟರೆ ಪ್ರಾಣ ಹೋಗುತ್ತದೆ.’

ಕೈಹಾಳೆ: ‘ಇದು ಗಿಡದಿಂದ ತೆಗೆದ ಮದ್ದು. ಕೈಯಲ್ಲಿ ಕಾಣುವ ರಕ್ತನಾಳಕ್ಕೆ ಅಥವಾ ಎದೆಯ ಬಳಿ ಕೂರಿಸಿದ ಟ್ಯೂಬಿಗೆ ಕೊಡುತ್ತಾರೆ.’ ನರ ಅನ್ನುವ ಪದ ಜುಮ್ಮೆನ್ನುವ ಪಟ್ಟಿಯಲ್ಲಿ ಮಾತ್ರ ಇರುತ್ತದೆ.

ಇನ್ನೊಂದೇ ಒಂದು ಉಳಿದಿದೆ. ಔಷಧ ರಕ್ತನಾಳದಿಂದ ಆಚೆ ಮಾಂಸಕ್ಕೆ ಹೋದರೆ ಗಾಯ ಆಗುತ್ತದಲ್ಲ, ಅದಕ್ಕೆ ‘ಬಹಿಸ್ಸರಣ’ ಅಂತ ಒಂದು ನಿಘಂಟು ಹೇಳುತ್ತದೆ.

ಡ್ಯೂಟಿ ಸಿಸ್ಟರ್:

ಬೇಡವೇ ಬೇಡ. ನಾವು ಮೊದಲು ಸಲೈನ್ ಬಿಟ್ಟು ನೋಡುತ್ತೇವೆ, ರಕ್ತ ವಾಪಸ್ ಬರುತ್ತದಾ ಅಂತ ನೋಡುತ್ತೇವೆ. ಔಷಧ ಇಳಿಯುವಾಗ ಪಕ್ಕದಲ್ಲೇ ನಿಂತು ಮಗುವನ್ನು ಕೇಳುತ್ತಲೇ ಇರುತ್ತೇವೆ, ‘ಉರಿಯುತ್ತಾ ಪುಟ್ಟಾ?’ ಅಂತ. ಉರಿ ಅಂದ ತಕ್ಷಣ ನಿಲ್ಲಿಸುತ್ತೇವೆ. ನೀವೂ ಹಾಗೇ ಬರೆಯಿರಿ: ‘ಸೂಜಿಯ ಜಾಗದಲ್ಲಿ ಉರಿ, ನೋವು ಅಥವಾ ಊತ ಕಂಡರೆ ಆ ಕ್ಷಣವೇ ಸಿಸ್ಟರ್‌ನ ಕರೆಯಿರಿ. ಔಷಧ ಹೊರಗೆ ಸೋರಿರಬಹುದು.’

ಅಚ್ಚಗನ್ನಡ:

‘ಸೋರಿಕೆ’. ಒಳ್ಳೆಯ ಕನ್ನಡ. ಆದರೆ ಆ ‘ಸಿಸ್ಟರ್’?

ಮಿತಭಾಷಿ:

ಶುರುವಾಯಿತು.